ಪಡಸಾಲೆಯಿಂದ ಅಡುಗೆಮನೆಗೆ ಬಂದ ಆರ್ಯರು

ನನ್ನ ಮಾವನವರ ಜೊತೆ ನಾನು ವರ್ಷಗಟ್ಟಲೆ ಜಗಳ ಆಡಿದೆ, ಒಂದು ಸಲವೂ ಅವರ ಜೊತೆ ಮಾತಾಡದೆ. ಕೇಳಿದವರು ನಗುತ್ತಾರೆ. ನಗಲಿ. ತಿಕೋಟಾದ ನಮ್ಮ ಮನೆಯಲ್ಲಿ ಮಾವ ಸೊಸೆ ಎದುರುಬದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅದು ಸಿಟ್ಟಲ್ಲ, ಸೆಡವಲ್ಲ, ಮರ್ಯಾದೆ. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ನನಗೆ ತಿಳಿಸಿ ಹೇಳಿದ್ದರು. ಮಾವನವರು ಪಡಸಾಲೆಯಲ್ಲಿ ಇದ್ದಾಗ ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆ ಬಾಗಿಲ ಮರೆಯಲ್ಲಿ ಇರಬೇಕು. ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳುತ್ತಾರೆ. ಅವರಿಗೂ ಅದೇ ಕಾನೂನು.

ನಾನು ವಿಜಯಪುರದ ಪೇಟೆಯಲ್ಲಿ ಬೆಳೆದವಳು, ಇತಿಹಾಸದಲ್ಲಿ ಎಂ.ಎ. ಮಾಡಿದವಳು, ನಾಲಿಗೆ ತುಸು ಉದ್ದ. ಮೊದಮೊದಲು ಮೈಯೆಲ್ಲ ಉರಿಯಿತು. ಆಮೇಲೆ ನೋಡಿದರೆ ನನಗಿಂತ ಹೆಚ್ಚು ನಾಚುವವರು ಅವರೇ. ನಾನು ಚಹಾ ತಂದಿಟ್ಟರೆ, ಒಳಗೆ ಹೋಗುವ ತನಕ ಅವರು ಜಂತಿ ಎಣಿಸುವವರ ಹಾಗೆ ಮೇಲೆ ನೋಡುತ್ತ ಕೂಡುತ್ತಿದ್ದರು. ಪಾಪ ಅನಿಸಿತು. ಬಬಲೇಶ್ವರದ ಹೈಸ್ಕೂಲಿನಲ್ಲಿ ತುಂಬಿದ ಕ್ಲಾಸನ್ನು ಒಂದು ಕಣ್ಣಿನಲ್ಲಿ ಸುಮ್ಮನಾಗಿಸುತ್ತಿದ್ದ ಮಾಸ್ತರರು, ಸೊಸೆ ಬಂದರೆ ಹೀಗೆ.

ನಾವಿಬ್ಬರೂ ಒಂದೇ ಕಸುಬಿನವರು ಅನ್ನುವುದೇ ತಮಾಷೆ. ಅವರು ಬಬಲೇಶ್ವರದಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದರು. ನಾನು ದಿನಾ ಬಸ್ಸು ಹಿಡಿದು ವಿಜಯಪುರದ ಪಿಯು ಕಾಲೇಜಿಗೆ ಹೋಗಿ ಇತಿಹಾಸ ಹೇಳುತ್ತೇನೆ. ನನ್ನ ಗಂಡನಿಗೆ ಒಣದ್ರಾಕ್ಷಿ ವ್ಯಾಪಾರ. ಈ ವಾರದ ದರ ಬಿಟ್ಟರೆ ಹಿಂದಿನ ಯಾವುದರ ಮೇಲೂ ಅವರಿಗೆ ಆಸಕ್ತಿ ಇಲ್ಲ.

ಜಗಳ ಶುರುವಾದದ್ದು ಮಗಳಿಂದ. ಅವಳು ಒಂದು ಸಂಜೆ ಪಡಸಾಲೆಯಲ್ಲಿ ಕೂತು ನಾನು ಬರೆಸಿದ್ದ ಉತ್ತರವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು: ಆರ್ಯರು ಮಧ್ಯ ಏಷ್ಯಾದ ಕಡೆಯಿಂದ ದನಕರುಗಳೊಂದಿಗೆ ಗುಂಪುಗುಂಪಾಗಿ ಭಾರತಕ್ಕೆ ವಲಸೆ ಬಂದರು. ಮಾವನವರು ತಮ್ಮ ಕಾಲದಲ್ಲಿ ಕರಿಹಲಗೆಯ ಮೇಲೆ ನಕಾಶೆ ಬಿಡಿಸಿ, ಬಾಣದ ಗುರುತು ಎಳೆದು ಇದನ್ನೇ ಕಲಿಸಿದವರು. ಆದರೆ ನಿವೃತ್ತಿಯ ನಂತರ ಏನೇನೋ ಓದಿ, ಫೋನಿನಲ್ಲಿ ಏನೇನೋ ಭಾಷಣ ಕೇಳಿ ಅವರ ಬಾಣ ತಿರುಗಿತ್ತು.

“ಕೇಳಿದಿ ಏನ,” ಎಂದರು ಅತ್ತೆಗೆ, ನನಗೆ ಕೇಳುವಷ್ಟು ದನಿ ಎತ್ತಿ. “ಆರ್ಯರು ಎಲ್ಲಿಂದನೂ ಬಂದಿಲ್ಲ ಅಂತ ಹೇಳ ಆಕಿಗೆ. ಇಲ್ಲೇ ಹುಟ್ಯಾರ, ಇಲ್ಲೇ ಬೆಳದಾರ.”

ಅತ್ತೆ ನಡುವಿನ ಬಾಗಿಲಲ್ಲಿ ಕೂತು ಶೇಂಗಾ ಒಡೆಯುತ್ತಿದ್ದರು. ಕತ್ತು ನನ್ನ ಕಡೆ ತಿರುಗಿಸಿ, “ಬಂದಿಲ್ಲಂತ ನೋಡವ್ವಾ,” ಎಂದರು.

“ಬಂದಾರ ಅನ್ರಿ ಅತ್ತಿ,” ಎಂದೆ ನಾನು, ಹಿಟ್ಟು ನಾದುತ್ತ. “ದಂಡ ಕಟಗೊಂಡ ಬಂದು ಊರ ಸುಟ್ಟಾರ ಅನ್ನೂದು ಹಳೇ ಮಾತು, ಅದನ್ನ ಈಗ ಯಾರೂ ಹೇಳೂದಿಲ್ಲ. ಮೇವು ನೀರು ಹುಡಕೋತ, ದನಾ ಹೊಡಕೊಂಡ, ಸಾವಕಾಶ ಬಂದಾರ ಅನ್ರಿ.”

“ಸಾವಕಾಶ ಬಂದಾರಂತ್ರಿ.”

“ಯಾರು ನೋಡ್ಯಾರ? ನಾವು ಹೊರಗಿಂದ ಬಂದೇವಿ ಅಂತ ವೇದದಾಗ ಎಲ್ಲ್ಯರೆ ಐತೇನು ಕೇಳ ಆಕಿಗೆ!”

“ಭಾಷಾ ನೋಡ್ರಿ ಅನ್ರಿ ಅತ್ತಿ. ಅಪ್ಪ, ಅವ್ವ, ಅಣ್ಣಗ ಸಂಸ್ಕೃತದಾಗ ಪಿತೃ, ಮಾತೃ, ಭ್ರಾತೃ ಅನ್ನೂ ಮಾತು ಹೆಂಗ ಅದಾವೋ, ಪರ್ಶಿಯನ್ ಒಳಗ, ಗ್ರೀಕ್ ಒಳಗ ಭಾಳ ಮಟ್ಟಿಗೆ ಹಂಗ ಅದಾವು. ಸಂಬಂಧ ಇಲ್ಲದ ಹಂಗ ಹೆಂಗ ಆಗ್ತದ ಅಂತ ಕೇಳ್ರಿ.”

ಈ ಸಲ ಅತ್ತೆ ಮಾತು ದಾಟಿಸಲಿಲ್ಲ. ಕೈಯಲ್ಲಿನ ಶೇಂಗಾ ಹಿಡಿದುಕೊಂಡೇ ವಿಚಾರ ಮಾಡಿದರು. “ಅಲ್ಲಾ, ಬಂದವ್ರು ಉಂಡು ಹೋದ್ರೋ, ಇಲ್ಲೇ ಇದ್ರೋ?” ಎಂದು ಕೇಳಿದರು.

“ಇಲ್ಲೇ ಇದ್ರು,” ಎಂದು ನಾವಿಬ್ಬರೂ ಒಟ್ಟಿಗೇ ಅಂದೆವು. ಮಗಳು ಪುಸ್ತಕ ಮುಚ್ಚಿ ನಕ್ಕಳು. ನಮ್ಮ ನಮ್ಮ ತುದಿಯಲ್ಲಿ ನಾವೂ ನಕ್ಕಿರಬೇಕು.

ಅಲ್ಲಿಂದ ಆರ್ಯರು ನಮ್ಮ ಮನೆಯಲ್ಲಿ ಬೀಡುಬಿಟ್ಟರು. ಸಂಜೆಯ ರೊಟ್ಟಿಯ ಹೊತ್ತು ಅವರ ಹೊತ್ತು. ಮಾವನವರು ವೇದ ಹೊಗಳುವ, ಈಗ ಬತ್ತಿದ ಸರಸ್ವತಿ ನದಿಯನ್ನು ತರುತ್ತಿದ್ದರು, ನಾನು ವೇದದ ತುಂಬ ಓಡಾಡಿದರೂ ಹರಪ್ಪಾದ ಮುದ್ರೆಗಳ ಮೇಲೆ ಇಲ್ಲದ ಕುದುರೆಯನ್ನು ತರುತ್ತಿದ್ದೆ. ಬ್ರಿಟಿಷರು ನಮ್ಮನ್ನು ಒಡೆಯಲು ಹೂಡಿದ ಆಟ ಇದು ಎನ್ನುತ್ತಿದ್ದರು ಮಾವನವರು. ಹೂಡಿದ್ದು ಅವರೇ ಇರಬಹುದು, ಆದರೆ ಎಲುಬಿನೊಳಗಿನ ವಂಶವಾಹಿಯನ್ನು ಬ್ರಿಟಿಷರು ತಿದ್ದಿಲ್ಲವಲ್ಲ ಎನ್ನುತ್ತಿದ್ದೆ ನಾನು. ಸಿಟ್ಟು ಬಂದರೆ ನನ್ನ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೆ ಕೇಳುತ್ತಿತ್ತಂತೆ. “ಇವತ್ತ ಮಾಸ್ತರ್ ಮನ್ಯಾಗ ಆರ್ಯರು ಬಂದಾರ” ಎಂದು ಪಕ್ಕದ ಮನೆಯವರು ಅನ್ನುತ್ತಿದ್ದರು.

ಎಲ್ಲದರ ನಡುವೆ ಅತ್ತೆ. ಜೈನಾಪುರದ ಒಕ್ಕಲುತನದ ಮನೆಯ ಮಗಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಈ ವಾದದ ತಲೆಬುಡ ಅವರಿಗೆ ಬೇಕಿರಲಿಲ್ಲ. ಮಾವನವರ ಉದ್ದುದ್ದ ಮಾತು ಅವರ ಬಾಯಲ್ಲಿ ಮೊಳದಿಂದ ಗೇಣಿಗೆ ಇಳಿಯುತ್ತಿತ್ತು. “ಆಕಿಗೆ ಬುದ್ಧಿ ಇಲ್ಲ, ಪುಸ್ತಕದಾಗ ಇದ್ದದ್ದನ್ನ ಗಿಳಿ ಹಂಗ ಒದರ್ತಾಳ ಅಂತ ಹೇಳು” ಎಂದು ಅವರು ಗುಡುಗಿದರೆ, ಅತ್ತೆ ನನ್ನ ಕಡೆ ತಿರುಗಿ, “ಇನ್ನಷ್ಟ ಓದಬೇಕಂತವ್ವಾ” ಎನ್ನುತ್ತಿದ್ದರು. ನಾನು ಮೊದಲಿನದನ್ನೂ ಕೇಳಿಸಿಕೊಂಡಿರುತ್ತಿದ್ದೆ. ಆದರೂ ಅತ್ತೆ ಹೇಳಿದ್ದಕ್ಕೇ ಉತ್ತರ ಕೊಡಬೇಕು, ಅದು ನಮ್ಮ ಆಟದ ಕಟ್ಟಳೆ.

ಹರಿಯಾಣದ ಕಡೆಯ ಒಂದು ಹಳೆಯ ಗೋರಿಯಲ್ಲಿ ಸಿಕ್ಕ ಹೆಣ್ಣುಮಗಳ ಎಲುಬಿನ ಪರೀಕ್ಷೆಯ ಸುದ್ದಿ ಪೇಪರಿನಲ್ಲಿ ಬಂದ ದಿನ ನಾವಿಬ್ಬರೂ ಗೆದ್ದೆವು. ಹರಪ್ಪಾ ಕಾಲದ ಹೆಂಗಸು, ಈ ನೆಲದವಳು, ನಮ್ಮದು ಇಲ್ಲಿಯದೇ ಸಂಸ್ಕೃತಿ ಅಂತ ಸಿದ್ಧವಾಯಿತು ಎಂದರು ಅವರು. ಹುಲ್ಲುಗಾವಲಿನಿಂದ ಬಂದ ಜನರ ಗುರುತು ಅವಳ ಮೈಯಲ್ಲಿ ಇಲ್ಲ ಎಂದ ಮೇಲೆ, ಅವರು ಅವಳ ನಂತರ ಬಂದರು ಅಂತಲೇ ಅರ್ಥ ಎಂದೆ ನಾನು. ಮಾತು ಅತ್ತಿತ್ತ ಓಡಾಡಿ ಅತ್ತೆಗೆ ದಣಿವಾಯಿತು. “ಆಕಿಗೆ ಎಷ್ಟ ವಯಸ್ಸಾಗಿತ್ತಂತ?” ಎಂದರು. ಪೇಪರಿನಲ್ಲಿ ಇದ್ದಷ್ಟು ನಾನು ಹೇಳಿದೆ. “ಮಕ್ಕಳಿದ್ವೇನು?” ಅದು ಯಾರಿಗೂ ಗೊತ್ತಿಲ್ಲ ಎಂದೆ. “ನೋಡ್ರಿ ಹಂಗಾದ್ರ,” ಎಂದರು ಅತ್ತೆ ಇಬ್ಬರಿಗೂ, “ಮುಖ್ಯದ್ದ ಗೊತ್ತಿಲ್ಲ, ಉಳಿದದ್ದಕ್ಕ ಬಡದಾಡಾಕತ್ತೀರಿ.”

ಮಾವನವರಿಗೆ ಈ “ಬಂದರು” ಎಂಬ ಮಾತು ಯಾಕಿಷ್ಟು ಚುಚ್ಚುತ್ತದೆ ಎನ್ನುವುದು ನನಗೆ ಬಹಳ ದಿನ ತಿಳಿದಿರಲಿಲ್ಲ. ಅದನ್ನೂ ಹೇಳಿದ್ದು ಅತ್ತೆಯೇ, ಹಿತ್ತಲಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ. ಮಾವನವರ ಮುತ್ತಜ್ಜ ಗಡಿಯಾಚೆಯ ಜತ್ತದ ಕಡೆಯಿಂದ ಎತ್ತು ಹೊಡೆದುಕೊಂಡು ಬಂದು ಇಲ್ಲಿ ನೆಲೆ ನಿಂತವರು. ತಲೆಮಾರುಗಳು ಕಳೆದರೂ ಊರಲ್ಲಿ ನಮ್ಮದು “ಬಂದವರ ಮನಿ.” ಬಾಯಿಗೆ ರೂಢಿಯಾದ ಮಾತು, ಯಾರೂ ಕೆಟ್ಟ ಮನಸ್ಸಿನಿಂದ ಅನ್ನುವುದಲ್ಲ. ಆದರೆ ಹೊಲದ ಬದುವಿನ ತಕರಾರೊಂದು ಎದ್ದಾಗ, ಊರ ಹಿರಿಯನೊಬ್ಬ ಹತ್ತು ಮಂದಿಯ ನಡುವೆ, “ಬಂದವ್ರು ಬಂದವ್ರಂಗ ಇರ್ರಿ, ಮಾಸ್ತರ,” ಎಂದುಬಿಟ್ಟನಂತೆ. ಆ ಊರಿನ ಅರ್ಧ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದು ಇದೇ ಮಾಸ್ತರರ ಅಪ್ಪ.

“ಅವತ್ತ ಮನಿಗೆ ಬಂದು ಊಟಾ ಮಾಡ್ಲಿಲ್ಲ,” ಎಂದರು ಅತ್ತೆ. “ನೀ ಬಂದಾರ, ಬಂದಾರ ಅಂತಿಯಲ್ಲ, ಅವರಿಗೆ ಅದ ಕೇಳಸ್ತದ ಬೇ.”

ನನಗೆ ಬಹಳ ಕೆಟ್ಟದೆನಿಸಿತು. ಹಾಗಂತ ಪಾಠ ಬದಲಿಸಲು ಬರುವುದಿಲ್ಲವಲ್ಲ. ಕ್ಲಾಸಿನಲ್ಲಿ ಕಲಿಸುವುದನ್ನೇ ಕಲಿಸಿದೆ, ಆದರೆ ಕಲಿಸುವ ರೀತಿ ಬೇರೆಯಾಯಿತು. ಭೂತನಾಳದಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತು, “ಹಂಗಾದ್ರ ಇಲ್ಲಿಯವರು ಅಂದ್ರ ಯಾರ್ರಿ ಮಿಸ್?” ಎಂದು ಕೇಳಿದಳು. ಮೊದಲಾಗಿದ್ದರೆ ಹರಪ್ಪಾ, ದ್ರಾವಿಡ ಅಂತ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಅವತ್ತು, ಬಹಳ ಹಿಂದೆ ಹೋದರೆ ಎಲ್ಲರೂ ಆಫ್ರಿಕಾದಿಂದ ನಡೆದು ಬಂದವರೇ, ಮೊದಲು ಬಂದವರು ನಂತರ ಬಂದವರು ಅಂತಷ್ಟೇ ವ್ಯತ್ಯಾಸ, ಇಲ್ಲಿ ಉತ್ತು ಬಿತ್ತಿ ಸತ್ತವರೆಲ್ಲ ಇಲ್ಲಿಯವರು ಎಂದೆ. ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದೆ. ಅವರು ಮಾವನವರಿಗೆ ಏನು ಹೇಳಿದರೋ ಗೊತ್ತಿಲ್ಲ, ಆ ರಾತ್ರಿ ಊಟಕ್ಕೆ ಅವರು ಒಂದು ರೊಟ್ಟಿ ಹೆಚ್ಚು ತಿಂದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಜ್ವರ ಅಂತ ವಿಜಯಪುರದ ದವಾಖಾನೆಗೆ ಕರೆದುಕೊಂಡು ಹೋದೆವು, ಜ್ವರ ಇಳಿಯಿತು, ಎದೆ ನಿಂತಿತು. ಅಷ್ಟೇ ಹೇಳಬಲ್ಲೆ. ಅದರ ಮೇಲೆ ಬರೆಯಲು ಕೂತರೆ ಕೈ ಓಡುವುದಿಲ್ಲ.

ಬಂದ ಬೀಗರೆಲ್ಲ ಹೊರಟುಹೋದ ಮೇಲೆ ನಮ್ಮಿಬ್ಬರಿಗೂ ಒಂದು ಸಂಗತಿ ಹೊಳೆಯಿತು. ಈಗ ಮಾತು ದಾಟಿಸುವವರು ಯಾರು? ಗಂಡ ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಅವರನ್ನು ನಡುವೆ ನಿಲ್ಲಿಸಿದರೆ, “ನೀವಿಬ್ರೂ ಮಾಸ್ತರ ಮಂದಿ, ನೀವ ಬಗಿಹರಿಸಿಕೊಳ್ರಿ” ಎಂದು ಸ್ನಾನಕ್ಕೆ ಹೋಗಿಬಿಡುತ್ತಿದ್ದರು. ಮಾವನವರು ಒಂದು ಉಪಾಯ ಹುಡುಕಿದರು. ಧಾರವಾಡದ ಹಾಸ್ಟೆಲಿನಲ್ಲಿ ಓದುವ ಮೊಮ್ಮಗಳಿಗೆ ಫೋನು ಹಚ್ಚುವುದು. “ಗುಳಗಿ ತೀರ್ಯಾವ ಅಂತ ನಿಮ್ಮವ್ವಗ ಹೇಳು” ಎಂದು ಅವರು ಪಡಸಾಲೆಯಲ್ಲಿ ಹೇಳಿದರೆ, ಆ ಮಾತು ಧಾರವಾಡಕ್ಕೆ ಹೋಗಿ, ಅಲ್ಲಿಂದ ತಿರುಗಿ ಅಡುಗೆಮನೆಯಲ್ಲಿದ್ದ ನನ್ನ ಫೋನಿಗೆ ಬರುತ್ತಿತ್ತು. ನಾನೂ ಅದೇ ದಾರಿಯಲ್ಲಿ ಉತ್ತರ ಕಳಿಸುತ್ತಿದ್ದೆ. ಕಡೆಗೆ ಮಗಳಿಗೆ ಪರೀಕ್ಷೆ ಬಂತು. “ಅಜ್ಜಾ, ಅವ್ವ ನಿನ್ನ ಬಾಜೂ ಖೋಲ್ಯಾಗ ಅದಾಳ. ನೀವಿಬ್ರೂ ನನ್ನ ನಾಪಾಸ್ ಮಾಡಿಸ್ತೀರಿ,” ಎಂದು ಬೈದಳು. ಅವತ್ತಿನಿಂದ ಅದೂ ನಿಂತಿತು.

ಆಮೇಲೆ ಮನೆಯಲ್ಲಿ ಏನೂ ಉಳಿಯಲಿಲ್ಲ. ಮಾವನವರು ಫೋನಿನ ಭಾಷಣ ಕೇಳುವುದನ್ನು ಬಿಟ್ಟರು. ಪೇಪರು ಮಡಿಸಿದ್ದು ಮಡಿಸಿದಂತೆಯೇ ಇರುತ್ತಿತ್ತು. ನಾನು ತಾಟು ಇಟ್ಟು ಒಳಗೆ ಬಂದರೆ, ಅರ್ಧ ತಿಂದು ಕೈ ತೊಳೆದಿರುತ್ತಿದ್ದರು. ಇನ್ನೊಂದು ಹಾಕಲೇ ಎಂದು ಕೇಳುವವರಿಲ್ಲ, ಸಾಕು ಎಂದು ಹೇಳುವವರಿಲ್ಲ. ಗಾಳಿಗೆ ಹೇಳಿದಂತೆ, “ಚಹಾ ಇಟ್ಟೇನ್ರಿ” ಎನ್ನುತ್ತಿದ್ದೆ. ಒಂದು ಸಣ್ಣ ಕೆಮ್ಮು ಬರುತ್ತಿತ್ತು. ಪದ್ಧತಿ ಮುರಿದರೆ ಯಾರೂ ನಮ್ಮನ್ನು ಗಲ್ಲಿಗೇರಿಸುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತು. ಆದರೆ ಇಷ್ಟು ವರ್ಷದ ಮೇಲೆ ಮೊದಲನೆಯ ಮಾತು ಅಂತ ಏನು ಆಡುವುದು? ನನಗೆ ಹೆದರಿಕೆ ಹತ್ತಿತು. ಈ ಮನುಷ್ಯ ಹೀಗೇ ಮಾತು ಬತ್ತಿ ಒಂದು ದಿನ ಹೆಂಡತಿಯ ಹಿಂದೆ ಹೋಗಿಬಿಡುತ್ತಾರೆ, ನಾನು ಬಾಗಿಲ ಮರೆಯಲ್ಲಿ ಸೆರಗು ಹಿಡಿದು ನಿಂತೇ ಇರುತ್ತೇನೆ ಅನಿಸುತ್ತಿತ್ತು. ನನಗೆ ಅವರು ಬೇಕಾಗಿದ್ದರು. ಅವರ ಸಿಟ್ಟು, ಅವರ ಸರಸ್ವತಿ ನದಿ, ಎಲ್ಲ ಬೇಕಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಗಂಡ ಊರಲ್ಲಿ ಇರಲಿಲ್ಲ. ನಾನು ರೊಟ್ಟಿ ಮಾಡುತ್ತಿದ್ದೆ, ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಬೆಳಗಿನಿಂದ ಒಂದು ಹಂಚಿಕೆ ಹಾಕಿದ್ದೆ. ಎದ್ದು ಬಾಗಿಲ ಹತ್ತಿರ ಹೋಗಿ, ಅತ್ತೆ ಕೂಡುತ್ತಿದ್ದ ಜಾಗವನ್ನು ನೋಡುತ್ತ ದೊಡ್ಡದಾಗಿ ಹೇಳಿದೆ: “ಇತ್ತೀಚಿಗೆ ಭಾಳ ಓದಿದೆ. ಆರ್ಯರು ಬಂದಿಲ್ಲ ಅನ್ನೂದ ಖರೇ ಇರಬೇಕು ಅನಸ್ತದ.”

ಪಡಸಾಲೆಯಿಂದ ಕೆಮ್ಮು ಕೂಡ ಬರಲಿಲ್ಲ. ನಾನು ತಿರುಗಿ ಹಂಚಿನ ಮುಂದೆ ಕೂತೆ. ಇಷ್ಟು ದೊಡ್ಡ ಕಾಣಿಕೆ ಕೊಟ್ಟರೂ ತೆಗೆದುಕೊಳ್ಳಲಿಲ್ಲ ಎಂದು ಕಣ್ಣಿಗೆ ನೀರು ಬಂತು, ಸಿಟ್ಟೂ ಬಂತು. ರೊಟ್ಟಿ ಬಡಿಯತೊಡಗಿದೆ. ತಲೆ ಎತ್ತಿ ನೋಡಿದರೆ ಅವರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಾರೆ. ನಾನು ಒಲೆಯ ಮುಂದೆ ಇದ್ದಾಗ ಅವರು ಅಲ್ಲಿಗೆ ಬಂದದ್ದೇ ಇಲ್ಲ. ಗಡಬಡಿಸಿ ಸೆರಗು ಎಳೆದುಕೊಂಡೆ, ಸೆರಗಿಗೆಲ್ಲ ಹಿಟ್ಟಾಯಿತು.

“ಸುಳ್ಳ ಯಾಕ ಹೇಳ್ತಿ?” ಎಂದರು.

ನನಗೇ. ನನ್ನ ಮುಖ ನೋಡಿ.

“ಆಕಿ ಹೋದ್ಲು ಅಂತ ನನಗ ಸೋತು ಕೊಡಾಕತ್ತಿ ಏನು? ನಾ ಏನ ಸಣ್ಣ ಹುಡುಗ? ನಾಳೆ ಕ್ಲಾಸಿನ್ಯಾಗ ನಿಂತು ಇದನ್ನ ಹೇಳ್ತಿ ಏನು ನೀನು?”

“ಇಲ್ರಿ,” ಎಂದೆ.

“ಏನ ಹೇಳ್ತಿ ಮತ್ತ?”

“ಬಂದಾರ ಅಂತ ಹೇಳ್ತೇನ್ರಿ.”

“ಹಾಂ. ಹಂಗ ಹೇಳು,” ಎಂದು ಅವರು ಅಲ್ಲೇ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಇಬ್ಬರಿಗೂ ಓಡಿ ಬಂದಷ್ಟು ದಣಿವಾಗಿತ್ತು. ನಾನು ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಮುಂದೆ ಇಟ್ಟೆ. ಅವರು ಮುರಿದು ಬಾಯಿಗೆ ಇಟ್ಟುಕೊಂಡರು. ಈಗ ಕೇಳದಿದ್ದರೆ ಎಂದೂ ಕೇಳಲಾರೆ ಅನಿಸಿತು.

“ಮಾವಾರ, ನನ್ನ ನೌಕರಿ ಕಾಯಂ ಆದ ದಿನ ಅತ್ತಿ ನನಗ ಒಂದ ಮಾತ ಹೇಳಿದ್ರು. ‘ನನ್ನ ಸಾಲ್ಯಾಗಿನ ಯಾವ ಮಾಸ್ತರೂ ಇಕಿ ಅಷ್ಟ ಓದಿಲ್ಲ’ ಅಂತ ನೀವು ಅಂದ್ರಂತ. ಆ ಮಾತ ಹಿಡಕೊಂಡ ನಾ ಇಷ್ಟ ವರ್ಷ ಕಲಿಸೇನ್ರಿ. ಖರೇನ ಅಂದಿದ್ರೇನ್ರಿ?”

ಅವರು ಬಹಳ ಹೊತ್ತು ನೆನಪಿಸಿಕೊಂಡರು. ಸುಳ್ಳು ಅವರ ಬಾಯಿಗೆ ಬರುವುದಿಲ್ಲ.

“ನಾ ಅಂದಿದ್ದಿಲ್ಲ,” ಎಂದರು.

ಅವರು ರೊಟ್ಟಿಯ ಚೂರು ತಿರುಗಿಸುತ್ತ, “ಪೇಢೆ ತಂದಿದ್ದೆ. ಅವತ್ತ ನಿಮ್ಮ ಅತ್ತಿ ಕೊಟ್ಲಲ್ಲ, ಆ ಪೇಢೆ ನಾ ತಂದದ್ದ. ಬಸ್ಸ ಇಳದು ಮತ್ತ ಹೊಳ್ಳಿ ಹೋಗಿ ತಂದಿದ್ದೆ,” ಎಂದರು.

ಆಮೇಲೆ ಅವರೇ ಕೇಳಿದರು. “ನನಗ ಎದಿ ನೋವು ಬಂದು ದವಾಖಾನ್ಯಾಗ ಇದ್ದೆನಲ್ಲ. ನೀನು ಹೊರಗ ಕುಂತ ಅತಗೋತ, ‘ನಮ್ಮಪ್ಪ ಹೋದಾಗೂ ನಾ ಇಷ್ಟ ಹೆದರಿದ್ದಿಲ್ಲ’ ಅಂದ್ಯಂತ. ಆಕಿ ಬಂದು ನನಗ ಹೇಳಿದ್ಲು. ಅದನ್ನ ನೆನಿಸಿಕೊಂಡ ನಾ ಹಾಸಿಗಿ ಬಿಟ್ಟ ಎದ್ದೆ. ಅಂದಿದ್ದಿ ಏನು?”

ಈಗಷ್ಟೇ ಸುಳ್ಳಿಗೆ ಬೈಸಿಕೊಂಡಿದ್ದೆ. “ಅಂದಿದ್ದಿಲ್ರಿ,” ಎಂದೆ. “ಆದ್ರ ನಾ ಅತ್ತದ್ದು ಖರೇರಿ.”

ಅವರು ತಲೆ ಆಡಿಸಿದರು. ಆಡಿಸುತ್ತಲೇ ಇದ್ದರು. ಆಮೇಲೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು, ನಾನು ಹಿಟ್ಟಿನ ಸೆರಗಿನಿಂದಲೇ ಒರೆಸಿಕೊಂಡೆ. ಇಬ್ಬರೂ ಆಡದ ಮಾತುಗಳನ್ನು ಆ ಹೆಣ್ಣುಮಗಳು ನಮ್ಮ ಹೆಸರಿನಲ್ಲಿ ಆಡಿ ಹೋಗಿದ್ದಳು, ಇಬ್ಬರೂ ಅದರ ಮೇಲೆಯೇ ಬದುಕಿದ್ದೆವು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಅದನ್ನು ತೆಗೆದು ಪಕ್ಕಕ್ಕೆ ಹಾಕಿ ಇನ್ನೊಂದು ಬಡಿದೆ.

“ಯವ್ವಾ,” ಎಂದರು ಮಾವನವರು. ಅಷ್ಟು ವರ್ಷ ನಾನು ಅವರಿಗೆ “ಆಕಿ” ಆಗಿದ್ದೆ. “ನೀ ಭಾಳ ಓದೀದಿ, ನಾ ಒಪ್ಪತೇನಿ. ಆದ್ರ ಆರ್ಯರ ವಿಷಯದಾಗ ನೀ ತಪ್ಪ ಅದಿ.”

ನಾನು ಸೆರಗು ಸರಿಮಾಡಿಕೊಳ್ಳಲಿಲ್ಲ. ಬಿಸಿ ರೊಟ್ಟಿಯನ್ನು ಅವರ ತಾಟಿಗೆ ಹಾಕಿ, ಎದುರಿಗೇ ಕೂತು ಹೇಳಿದೆ: “ತಪ್ಪ ನೀವ ಅದೀರಿ, ಮಾವಾರ. ಕೇಳ್ರಿ ಇಲ್ಲಿ.”